ಹೊತ್ತು ಮುಳುಗುವ ಮುಂಚಿನ ಊಟ ಮತ್ತು ನಮ್ಮ ಸರ್ವರು

ಹೊಸದೇನಾದರೂ ಮಾಡಿದವನಿಗೆ ಅದನ್ನು ಊರೆಲ್ಲ ಮೆಚ್ಚಲೇಬೇಕೆಂಬ ಹಟ ಬರುತ್ತದೆ. ಹೊಸ ಉಪ್ಪಿನಕಾಯಿ ಹಾಕಿದವರು ಕೇಳದೆಯೇ ಬಡಿಸುವುದಿಲ್ಲವೇ, ಹಾಗೆ. ನನ್ನ ಉಪ್ಪಿನಕಾಯಿ ಕಂಪ್ಯೂಟರಿನದು.

ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲಿ ಕಿರುಚುತ್ತ ಬರುತ್ತಿದ್ದ ಕಾಲ. ಗೋಕಾಕಿನಲ್ಲಿ ನಾನು, ಹುಕ್ಕೇರಿಯಲ್ಲಿ ಗೆಳೆಯ ಪದ್ಮಣ್ಣ, ಇಬ್ಬರೂ ಸೇರಿ ಶಾಲೆಗಳ ವೇಳಾಪಟ್ಟಿ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೆವು. ಬರೆದದ್ದೆಲ್ಲ ಅವನ ಮನೆಯ ಸರ್ವರಿನಲ್ಲಿ, ಅಂದರೆ ಸದಾ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ, ಇರುತ್ತಿತ್ತು. ಯಾರು ಯಾವ ಸಾಲು ತಿದ್ದಿದರೆಂದು ನೆನಪಿಡಲು ಅಲ್ಲೊಂದು ತಂತ್ರಾಂಶವಿತ್ತು. ಅದನ್ನು ಯಾರು ಬೇಕಾದರೂ ಬಿಚ್ಚಿ ಬದಲಿಸಬಹುದಿತ್ತು. ನನಗೆ ಅಷ್ಟೇ ಸಾಕಾಯಿತು. ಕಡತಗಳನ್ನು ಒಂದೊಂದಾಗಿ ಕಳಿಸುತ್ತಿದ್ದ ಸರ್ವರು ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಳಿಸುವಂತೆ ಹೊಸ ಪದ್ಧತಿ ಸೇರಿಸಿದೆ. ನನ್ನ ಕೋಣೆಯಲ್ಲಿ ಅದು ಸೊಗಸಾಗಿ ಓಡಿತು. ಹಿಗ್ಗಿನಲ್ಲಿ ಹುಕ್ಕೇರಿಗೆ ಹೋಗಿ ಪದ್ಮಣ್ಣನ ಸರ್ವರಿನಲ್ಲೂ ಅದನ್ನೇ ಖಾಯಂ ಮಾಡಿಬಿಟ್ಟೆ.

ಪದ್ಮಣ್ಣ ನಮ್ಮ ಮೊದಲ ಗಿರಾಕಿಯಾದ ಯಮಕನಮರಡಿಯ ಶಾಲೆಗೆ ಹೋಗಿ, ಅಲ್ಲಿಂದ ಪ್ರೋಗ್ರಾಂ ಇಳಿಸಿಕೊಳ್ಳಲು ಕೂತ. ಸ್ವಲ್ಪ ಹೊತ್ತಿಗೆ ಎಸ್‌ಟಿಡಿ ಬೂತಿನಿಂದ ಅವನ ಫೋನು: “ಲೇ ದೋಸ್ತ, ಗಂಟು ಅರ್ಧಾ ಬರೂದರಾಗ ಲೈನ್ ಕಟ್ ಆಗತೈತಿ. ಮತ್ತ ಮೊದಲಿಂದ ಸುರು! ನಾಳೆ ಸಾಲಿ ಚಾಲೂ ಆಗತೈತಿ. ಹೆಡ್ ಮಾಸ್ತರು ನನ್ನ ಮಾರೀನ ನೋಡಾಕತ್ತಾರ.”

ಗಿರಾಕಿ ಹೋದರೆ ನಮ್ಮ ಉದ್ಯೋಗವೇ ಮುಗಿದಂತೆ. ಹುಕ್ಕೇರಿಯ ಬಸ್ಸು ಹಿಡಿದೆ. ಸರ್ವರಿನ ಮುಂದೆ ಕೂತು, ಹೊಸ ಪದ್ಧತಿಯನ್ನು ಕಿತ್ತೆಸೆಯಲು ಮನಸ್ಸಾಗದೆ, ಬಿಡಲೂ ಧೈರ್ಯವಾಗದೆ ಬೆವರುತ್ತಿದ್ದೆ. ಪದ್ಮಣ್ಣನ ತಾಯಿ, ನನ್ನ ಪಾಲಿಗೆ ಕಾಕು, ಬಾಗಿಲಿಗೆ ಬಂದರು. ಜೈನರ ಮನೆ, ಅಡುಗೆ ಆಗಲೇ ಆಗಿತ್ತು.

“ಹೊತ್ತು ಮುಳುಗೂದರೊಳಗ ಉಣ್ಣೂದು ನಮ್ಮನಿ ರೂಢಿ ತಮ್ಮಾ. ನಿನಗ ತಡಾ ಆಗತೈತಿ ಅಂದ್ರ ಹೇಳು, ತಾಟು ಮುಚ್ಚಿ ಇಡ್ತೇನಿ.”

ನಾನು ಅವರ ಮುಖವನ್ನೇ ನೋಡಿದೆ. ಮನೆಗೊಂದು ರೂಢಿಯಿದೆ, ಬೇರೆ ಬೇಕಾದವರು ಹೇಳಿದರೆ ಸಾಕು. ನಮ್ಮ ಸರ್ವರಿನಲ್ಲಿ ಹಾಗೆ ಹೇಳಲು ಜಾಗವೇ ಇರಲಿಲ್ಲ!

ಸೆಟ್ಟಿಂಗಿನ ಕಡತದಲ್ಲಿ ಒಂದು ಸಾಲಿಗೆ ಜಾಗ ಮಾಡಿದೆ. ಆ ಸಾಲು ಬರೆದರೆ ಹೊಸ ಪದ್ಧತಿ, ಬರೆಯದಿದ್ದರೆ ಹಳೆಯದು. ಹುಕ್ಕೇರಿಯಲ್ಲಿ ಅದನ್ನು ಬರೆಯದೆ ಬಿಟ್ಟೆ. ಒಂದೊಂದೇ ಕಡತ ಯಮಕನಮರಡಿಯತ್ತ ಹೊರಟಿತು. ಲೈನ್ ಕಡಿದರೂ ಹೋದದ್ದು ಹೋಗಿಯೇ ಇರುತ್ತಿತ್ತು. ಕೊನೆಗೆ ಫೋನು ಬಡಿಯಿತು.

“ಬಂತಲೇ, ಪೂರಾ ಬಂತು! ಮಾಸ್ತರು ಚಹಾ ತರಸ್ಯಾರ!”

ಅಬ್ಬಾ! ಎಷ್ಟೋ ಹೊತ್ತಿನಿಂದ ಹಿಡಿದಿದ್ದ ಉಸಿರು ಬಿಟ್ಟೆ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಕಾಕು ನನ್ನ ತಾಟಿಗೆ ಮುಚ್ಚಳ ಹುಡುಕುತ್ತಿದ್ದರು.

“ಮುಚ್ಚಬ್ಯಾಡ್ರಿ ಕಾಕು, ಈಗ ಉಣ್ತೇನಿ” ಎಂದು ಮನೆಯವರೆಲ್ಲರ ಜೊತೆ ಕೂತೆ. ಈಗಲೇ ಉಣ್ಣಬೇಕೆಂದು ಅವರು ಹಟ ಹಿಡಿದಿದ್ದರೆ, ನಾನು ಖಂಡಿತ ಹಸಿವಿಲ್ಲ ಅನ್ನುತ್ತಿದ್ದೆ.