ಬ್ಯಾಂಡಿನ ಕಥೆ ಕೇಳಲು ಹೋದ ಭಾನುವಾರ

ನಮ್ಮಪ್ಪ ನಮ್ಮನ್ನು ಬಿಟ್ಟು ಓಡಿಹೋದವನು ಎಂದುಕೊಂಡೇ ನಾನು ಬೆಳೆದೆ. ತಮಿಳುನಾಡಿನ ಪಲ್ಲಡದಲ್ಲಿ, ಕನ್ನಡ ಮಾತಿನ ನೇಕಾರರಾದ ನಮ್ಮ ಬೀದಿಯಲ್ಲಿ ಅದೇನೂ ಗುಟ್ಟಲ್ಲ. ನಲ್ಲಿಯ ಹತ್ತಿರ ಜಗಳವಾದರೆ ಮೊದಲು ಬರುತ್ತಿದ್ದ ಮಾತೇ ಅದು. "ಗಂಡನ್ನ ಇಟ್ಕೊಳೋಕೆ ಯೋಗ್ಯತೆ ಇಲ್ಲ, ಕೊಡ ಇಡೋಕೆ ಮಾತ್ರ ಮುಂದೆ ಬತ್ತಾಳೆ" ಎಂದು ಯಾರಾದರೂ ಅಂದರೆ, ಅಮ್ಮ ಖಾಲಿ ಕೊಡ ಎತ್ತಿಕೊಂಡು ಸುಮ್ಮನೆ ಮನೆಗೆ ಬಂದುಬಿಡುತ್ತಿದ್ದಳು. ನಾನಾಗಿದ್ದರೆ ಆ ಕೊಡವನ್ನೇ ಅವರ ತಲೆಗೆ ಕವುಚುತ್ತಿದ್ದೆ.

ಅಪ್ಪ ನೇಕಾರ. ಮನೆಯ ನಡುವೆ ಗುಂಡಿಮಗ್ಗ ಇತ್ತು, ಅದರಲ್ಲಿ ಸೀರೆ ನೇಯುತ್ತಿದ್ದರು. ಆದರೆ ಜೀವವೆಲ್ಲ ಕ್ಲಾರಿನೆಟ್ಟಿನ ಮೇಲೆ. ಕೊಯಮತ್ತೂರಿನಲ್ಲಿ ಒಬ್ಬ ಮಾಸ್ಟರು ಮದುವೆ ಮೆರವಣಿಗೆಗೆಂದು ಬ್ಯಾಂಡು ಕಟ್ಟಿದಾಗ ಮೊದಲು ಸೇರಿದವರಲ್ಲಿ ಅಪ್ಪನೂ ಒಬ್ಬರು. ಕೆಂಪು ಕೋಟು, ಭುಜದ ಮೇಲೆ ಜರಿ, ತಲೆಗೆ ಟೋಪಿ. ಆಮೇಲೆ ಆ ಬ್ಯಾಂಡು ಎಷ್ಟು ದೊಡ್ಡದಾಯಿತೆಂದರೆ, ಅವರಿಗೆ ಬಿಡುವಿರುವ ದಿನ ಕೇಳಿಕೊಂಡು ಬಂದು ಮುಹೂರ್ತ ಇಡಿಸುವ ಸಾಹುಕಾರರಿದ್ದರು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆಯಲು ಕೈ ಬರುವುದಿಲ್ಲ.

ನಾನಿನ್ನೂ ಸರಿಯಾಗಿ ಮಾತು ಕಲಿಯದ ವಯಸ್ಸಿನಲ್ಲಿ, ಒಂದು ವರ್ಷದ ಐಪ್ಪಸಿಯಲ್ಲಿ, ಅಂದರೆ ದೀಪಾವಳಿಯ ತಿಂಗಳಲ್ಲಿ, ಬಿಡದೆ ಸುರಿಯುವ ಮಳೆಯ ನಡುವೆ ಉಡುಮಲೆ ಕಡೆಯ ಒಂದು ಮದುವೆಗೆ ಅಪ್ಪ ಹೊರಟರು. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು. ಅಮ್ಮನಿಗೆ ಸಿಟ್ಟು ಬಂದು, "ಪೀಪಿ ಊದ್ಕೊಂಡು ಅಲ್ಲೇ ಇದ್ದುಬಿಡಿ, ಮನೆ ಕಡೆ ಬರ್ಬೇಡಿ" ಅಂದಳಂತೆ. ಯಾವ ಹೆಂಡತಿ ಅನ್ನುವುದಿಲ್ಲ ಹೇಳಿ! ಕೆಲವು ದಿನಗಳ ಮೇಲೆ ಬ್ಯಾಂಡಿನವನೊಬ್ಬ ಬಂದು, "ಅವರು ಉಡುಮಲೆಯಲ್ಲೇ ಇಳಿದುಬಿಟ್ಟರು, ಮದ್ರಾಸಿಗೆ ಹೋಗಿ ಸಿನಿಮಾಕ್ಕೆ ನುಡಿಸ್ತೀನಿ ಅಂದರು" ಎಂದು ಬಾಗಿಲಲ್ಲೇ ನಿಂತು ಹೇಳಿ, ನೀರೂ ಕುಡಿಯದೆ ಹೋದ.

ಅತ್ತೆ ಅದನ್ನು ಆ ಕ್ಷಣವೇ ನಂಬಿದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು, ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವತ್ತಿನಿಂದ ಅವಳಿಗೆ ಒಂದೇ ಮಾತು: "ನಿನ್ನ ಬಾಯಿಗೆ ಹೆದ್ರಿ ನನ್ನ ತಮ್ಮ ಊರು ಬಿಟ್ಟ." ಕಂಡಿಕೆಗೆ ನೂಲು ಸುತ್ತುವಾಗ ಅದೇ, ಅನ್ನಕ್ಕೆ ಕೂತಾಗಲೂ ಅದೇ. ಅಮ್ಮ ತಿರುಗಿ ಮಾತಾಡುತ್ತಿರಲಿಲ್ಲ, ಏಕೆಂದರೆ ಒಳಗೊಳಗೇ ಅವಳಿಗೂ ಅದೇ ಅನುಮಾನ. ಅಪ್ಪನ ಮಗ್ಗಕ್ಕೆ ತಾನೇ ಇಳಿದು ಆ ಸೀರೆ ಮುಗಿಸಿದಳು, ಆಮೇಲೆ ಬೇರೆಯವರ ಪವರ್‌ಲೂಮಿನಲ್ಲಿ ಕೂಲಿಗೆ ನಿಂತಳು, ನನ್ನನ್ನು ಓದಿಸಿದಳು.

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಕಾಣೆಯಾದವನು ಹನ್ನೆರಡು ವರ್ಷ ಬಾರದಿದ್ದರೆ ದರ್ಭೆಯಲ್ಲಿ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸುತ್ತಾರೆ. ಕುಲದ ಹಿರಿಯರು ಬಂದು ಕೂತು ಅದನ್ನು ಹೇಳಿದಾಗ ಅಮ್ಮನೂ ಅತ್ತೆಯೂ ಒಟ್ಟಿಗೆ ಎದ್ದು ನಿಂತು ಬೇಡ ಅಂದರು. ಅವರಿಬ್ಬರೂ ಒಂದೇ ಕಡೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆಗೆ ತಮ್ಮ ಬೇಕಾಗಿತ್ತು. ಅಮ್ಮನಿಗೆ ಬೇಕಾಗಿದ್ದದ್ದು ಉತ್ತರ. "ನಾನಂದ ಮಾತಿಗೇ ಹೋದ್ರಾ, ಇಲ್ಲ ಮೊದ್ಲೇ ಮನಸ್ಸು ಮಾಡಿದ್ರಾ, ಅಷ್ಟು ಕೇಳ್ಬೇಕು ಕಣೆ. ಆಮೇಲೆ ಅವ್ರು ಎಲ್ಲಾದ್ರೂ ಇರ್ಲಿ" ಎಂದು ನನ್ನ ಹತ್ತಿರ ಹೇಳುತ್ತಿದ್ದಳು.

ಎಂಬತ್ತರ ದಶಕದ ನಡುವಿನಲ್ಲಿ ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಗೆ ಹೋಗುತ್ತಿದ್ದೆ. ಟೀ ಹೊತ್ತಿನಲ್ಲಿ ತಮಿಳು ಪೇಪರು ನೋಡುವುದು ನನ್ನ ಅಭ್ಯಾಸ. ಕನ್ನಡ ಅಕ್ಷರ ಆಗ ನನಗೆ ಬರುತ್ತಿರಲಿಲ್ಲ, ಅದನ್ನು ಮದುವೆಯಾಗಿ ಮೈಸೂರು ಕಡೆಗೆ ಹೋದ ಮೇಲೆ ಕಲಿತೆ. ಪೇಪರಿನ ಮೂಲೆಯಲ್ಲಿ ಸಣ್ಣ ಸುದ್ದಿ: ಕೊಯಮತ್ತೂರಿನ ಪೀಳಮೇಡಿನ ಒಂದು ಕಾಲೇಜಿನಲ್ಲಿ ಭಾನುವಾರ ಬೆಳಿಗ್ಗೆ ಒಬ್ಬ ಇತಿಹಾಸ ಪ್ರೊಫೆಸರರು ಆ ಬ್ಯಾಂಡಿನ ಆರಂಭದ ದಿನಗಳ ಬಗ್ಗೆ ಮಾತಾಡುತ್ತಾರೆ, ಬ್ಯಾಂಡ್ ಮಾಸ್ಟರಿಗೆ ಸನ್ಮಾನವೂ ಇದೆ, ಎಲ್ಲರೂ ಬರಬಹುದು.

ಮನೆಗೆ ಬಂದು ಹೇಳಿದೆ. ಅಮ್ಮ, "ಹಳೆಯೋರೆಲ್ಲ ಬತ್ತಾರೆ ಅಲ್ವಾ? ಮದ್ರಾಸಿನ ಅಡ್ರೆಸ್ಸು ಯಾರಿಗಾದ್ರೂ ಗೊತ್ತಿರುತ್ತೆ" ಅಂದಳು. ಅತ್ತೆ ಒಳಗಿನಿಂದಲೇ ಕೂಗಿದಳು, "ಹೋಗ್ಲಿ, ಈಗ್ಲಾದ್ರೂ ಹುಡುಕ್ಲಿ. ಕಳ್ಕೊಂಡೋಳು ಅವಳೇ ತಾನೆ!"

ಸಿಂಗಾನಲ್ಲೂರಿನಲ್ಲಿ ಬಸ್ಸು ಬದಲಾಯಿಸಿ ಹೋದೆವು. ಅಮ್ಮ ರೇಷ್ಮೆಯಂಚಿನ ಸೀರೆ ಉಟ್ಟಿದ್ದಳು, ಹಣೆಗೆ ಅಗಲವಾಗಿ ಕುಂಕುಮ, ತಲೆತುಂಬ ಕನಕಾಂಬರ. ಗಂಡನ ಸುದ್ದಿ ಕೇಳಲು ಹೋಗುವವಳ ಸಂಭ್ರಮ ಅದು. ಕಾಲೇಜಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಮಾಸ್ಟರು ಶಾಲು ಹೊದ್ದು, ಹಾರ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ನಾವು ಹಿಂದಿನ ಸಾಲಿನಲ್ಲಿ ಕೂತೆವು.

ಪ್ರೊಫೆಸರರು ಚೆನ್ನಾಗಿ ಮಾತಾಡಿದರು, ಇಲ್ಲ ಅನ್ನಲಾರೆ. ಮಿಲ್ಲುಗಳ ಕಾಲ, ಮೊದಲ ತುತ್ತೂರಿಯನ್ನು ಯಾವುದೋ ಪಟಾಲಮ್ಮಿನವನಿಂದ ಕೊಂಡದ್ದು, ಎಲ್ಲರ ಕೋಟನ್ನೂ ಒಂದೇ ಅಳತೆಗೆ ಹೊಲಿಸಿ ಗಿಡ್ಡನೂ ಉದ್ದನೂ ಅದನ್ನೇ ತೊಟ್ಟದ್ದು. ಜನ ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕಳು. "ಹೌದು ಕಣೆ, ಇವರದ್ದು ಮೊಣಕಾಲು ಮುಟ್ಟುತ್ತಿತ್ತು" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಆಮೇಲೆ ಅವರು, ಈ ಬ್ಯಾಂಡಿಗೆ ಹೆಸರು ಬಂದದ್ದು ಹೇಗೆ ಎಂದು ಒಂದು ಕಥೆ ತೆಗೆದರು. ಉಡುಮಲೆಯ ಆಚೆ ಮಡತ್ತುಕುಳದ ಹತ್ತಿರ ಮದುವೆ. ಅಮರಾವತಿ ಹೊಳೆ ತುಂಬಿ ತಗ್ಗು ಸೇತುವೆಯ ಮೇಲೆ ನೀರು ಹರಿಯುತ್ತಿದೆ, ಲಾರಿ ನಡುವೆ ಕೆಟ್ಟು ನಿಂತಿದೆ. ವಾದ್ಯಗಳನ್ನು ತಲೆಯ ಮೇಲೆ ಹೊತ್ತು ಎಲ್ಲರೂ ನೀರಿಗಿಳಿದರು. ದೊಡ್ಡ ಡ್ರಮ್ಮು ಕೈತಪ್ಪಿ, ಬುಡುಬುಡು ಅಂತ ತೇಲುತ್ತ ತಾನೇ ಮೆರವಣಿಗೆ ಹೊರಟಿತು. ಇಲ್ಲಿ ಸಭೆಯೆಲ್ಲ ನಗು. ಅಮ್ಮನೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ಪಲ್ಲಡದ ಕಡೆಯ ಒಬ್ಬ ನೇಕಾರರು, ಮನೆಯಲ್ಲಿ ಕನ್ನಡ ಮಾತಾಡುವವರು, ಕ್ಲಾರಿನೆಟ್ ಕಲಾವಿದರು, ಡ್ರಮ್ಮನ್ನು ಹಿಡಿಯಲು ಹೋದರು. ಡ್ರಮ್ಮು ಪೊದೆಗೆ ಸಿಕ್ಕಿಕೊಂಡು ಉಳಿಯಿತು. ಅವರನ್ನು ಹೊಳೆ ತೆಗೆದುಕೊಂಡಿತು. ಆದರೂ ನಮ್ಮ ಮಾಸ್ಟರು ಒದ್ದೆ ಕೋಟಿನಲ್ಲೇ ಸಮಯಕ್ಕೆ ಸರಿಯಾಗಿ ಮದುವೆ ಮನೆ ಮುಟ್ಟಿ ನುಡಿಸಿದರು. ಅಂಥ ಶಿಸ್ತು!" ಎಂದರು. ಜನ ಚಪ್ಪಾಳೆ ಹೊಡೆದರು.

ಅಮ್ಮನ ಮುಖದ ಮೇಲೆ ಆ ನಗು ಇನ್ನೂ ಹಾಗೇ ಇತ್ತು. ಅದನ್ನು ತೆಗೆಯುವುದೇ ಅವಳಿಗೆ ಮರೆತುಹೋಗಿತ್ತು. ನಾನು ಅವಳ ಕೈ ಹಿಡಿದುಕೊಂಡೆ. ಪಲ್ಲಡದಿಂದ ಆ ಬ್ಯಾಂಡಿಗೆ ಹೋಗುತ್ತಿದ್ದ ಕನ್ನಡದವರು ಬೇರೆ ಯಾರೂ ಇರಲಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅಯ್ಯೋ ದೇವರೇ, ಇದನ್ನು ಕೇಳುವುದಕ್ಕೆ ಹೂ ಮುಡಿದು ಬಂದೆವಲ್ಲ ಅನ್ನಿಸಿತು.

ಸಭೆ ಮುಗಿದ ಮೇಲೆ ಅಮ್ಮ ನೆಟ್ಟಗೆ ವೇದಿಕೆಯ ಹತ್ತಿರ ಹೋದಳು. ಮಾತೆಲ್ಲ ತಮಿಳಿನಲ್ಲಿ ನಡೆಯಿತು, ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. "ಆ ಕ್ಲಾರಿನೆಟ್ಟಿನೋರ ಹೆಂಡ್ತಿ ನಾನು" ಅಂದಳು.

ಮಾಸ್ಟರು ಮೊದಲು ಅವಳ ಮುಖ ನೋಡಿದರು, ಆಮೇಲೆ ಹಣೆ. ಕುಂಕುಮ ನೋಡಿ ಮುಖ ಬೇರೆ ಕಡೆ ತಿರುಗಿಸಿಬಿಟ್ಟರು.

"ಮದ್ರಾಸಿಗೆ ಹೋದ್ರು ಅಂತ ಯಾಕೆ ಹೇಳಿ ಕಳಿಸಿದ್ರಿ?"

"ಮುಹೂರ್ತದ ಮನೆಗೆ ಸಾವು ಹೊತ್ಕೊಂಡು ಹೋಗೋಕಾಗುತ್ತಾಮ್ಮಾ? ಸಾವು ಮುಟ್ಟಿದ ಬ್ಯಾಂಡನ್ನ ಯಾರು ಕರೀತಾರೆ? ಹುಡುಗರ ಬಾಯೆಲ್ಲ ಕಟ್ಟಿಸಿದೆ. ಸೀಸನ್ನು ಮುಗೀಲಿ, ನಾನೇ ಬಂದು ಹೇಳ್ತೀನಿ ಅಂದ್ಕೊಂಡಿದ್ದೆ. ಒಂದು ಮುಹೂರ್ತ ಆದ್ಮೇಲೆ ಇನ್ನೊಂದು ಬಂತು. ಆಮೇಲೆ ಹೇಳೋಕೆ ಮುಖ ಇರ್ಲಿಲ್ಲ."

"ಹೆಣ ಸಿಕ್ತಾ?"

"ಕೆಳಗೆ ಯಾವುದೋ ಊರಲ್ಲಿ ಸಿಕ್ತು, ಅವರೇ ಮಣ್ಣು ಮಾಡಿದ್ರು ಅಂತ ಕೇಳಿದೆ. ನಾವು ಹೋಗಲಿಲ್ಲ."

"ಯಾವ ದಿನ ಅದು?"

ಅವರು ಯೋಚಿಸಿದರು, ನಿಜವಾಗಿಯೂ ಯೋಚಿಸಿದರು. "ಐಪ್ಪಸಿ. ದಿನ ನೆನಪಿಲ್ಲಮ್ಮಾ" ಎಂದು ಅಳತೊಡಗಿದರು. ಅಳಲಿ, ನನಗೇನು! ಅವರು ಹೇಳಿದ್ದು ಸುಳ್ಳಲ್ಲ, ಸಾವು ಮುಟ್ಟಿದ ಬ್ಯಾಂಡನ್ನು ಯಾರೂ ಕರೆಯುತ್ತಿರಲಿಲ್ಲ, ನಾವೂ ಕರೆಯುತ್ತಿರಲಿಲ್ಲ. ಆದರೆ ಆ ಮುಹೂರ್ತಗಳ ಭಾರವನ್ನೆಲ್ಲ ಹೊತ್ತವಳು ನಮ್ಮಮ್ಮ. ಪ್ರೊಫೆಸರರು ಹತ್ತಿರ ಬಂದು, "ಬ್ಯಾಂಡಿನ ಹಳಬರೊಬ್ಬರು ಈಚೆಗೆ ಹೇಳಿದ ಕಥೆ ಇದು, ಮನೆಯವರಿಗೆ ತಿಳಿದಿಲ್ಲ ಅಂತ ನನಗೆ ಯಾರೂ ಹೇಳಲಿಲ್ಲ, ಕ್ಷಮಿಸಿ ಅಮ್ಮಾ" ಎಂದು ಕೈ ಮುಗಿದರು. ಪಾಪ, ಅವರದೇನೂ ತಪ್ಪಿಲ್ಲ. ಆದರೂ ಆ ಹೊತ್ತಿಗೆ ಅವರ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು.

ಬಸ್ಸಿನಲ್ಲಿ ಅಮ್ಮ ಅಳಲಿಲ್ಲ. ಸೂಲೂರು ದಾಟಿದ ಮೇಲೆ, "ನನ್ನ ಮಾತಿಗೆ ಹೋಗ್ಲಿಲ್ಲ" ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಈಜು ಬರ್ತಿರ್ಲಿಲ್ಲ ಅವ್ರಿಗೆ" ಅಂದಳು. ಅಷ್ಟೇ. ಕಣ್ಣೀರು ಹಾಕಿದವಳು ನಾನೇ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಅತ್ತುಕೊಂಡೇ, ಮನೆಗೆ ಹೋದ ತಕ್ಷಣ ಆ ಮುದುಕಿಯ ಬಾಯಿ ಮುಚ್ಚಿಸಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಇಷ್ಟು ವರ್ಷ ನಮ್ಮಮ್ಮನನ್ನು ತಿಂದಳಲ್ಲ, ಈಗ ಏನು ಹೇಳುತ್ತಾಳೋ ನೋಡೋಣ ಎಂದು.

ಹಾಗೆಯೇ ಮಾಡಿದೆ. ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಅತ್ತೆಯ ಮುಂದೆ ಒದರಿದೆ. ಅವಳು ರಾಟೆ ನಿಲ್ಲಿಸಿ ಕೇಳಿದಳು. ಆಮೇಲೆ, "ಪೊಯ್ಯಿ" ಅಂದಳು. ಸುಳ್ಳಿಗೆ ನಮ್ಮ ಮನೆಯಲ್ಲಿ ತಮಿಳು ಮಾತೇ. "ಅಷ್ಟೂ ಪೊಯ್ಯಿ! ನನ್ನ ತಮ್ಮ ಮದ್ರಾಸಲ್ಲಿ ರಾಜನಂಗೆ ಅವ್ನೆ. ಯಾವನೋ ಮೈಕಲ್ಲಿ ಒದರಿದ್ರೆ ಸತ್ತೋಗ್ತಾನಾ?" ಎಂದು ಏಳಲು ಹೋಗಿ ಏಳಲಾರದೆ, ಕೂತಲ್ಲಿಂದಲೇ ತೆವಳಿಕೊಂಡು ಬಂದು ಅಮ್ಮನ ಎರಡೂ ಕೈ ಹಿಡಿದಳು. "ಬಳೆ ತೆಗೀಬೇಡ. ಕುಂಕುಮ ಅಳಿಸ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ. ನೀನು ಅಳಿಸಿದ್ರೆ ಅವನು ಸತ್ತೋಗ್ತಾನೆ."

ನಮ್ಮವರಲ್ಲಿ ವಿಧವೆಯ ಬಳೆ ತೆಗೆಯುವುದು ಗಂಡನ ಮನೆಯ ಹಿರಿಯ ವಿಧವೆ. ನಮ್ಮ ಮನೆಯಲ್ಲಿ ಅದು ಅತ್ತೆಯೇ. ಆ ಕೈಗಳು ಬಳೆಯ ಮೇಲೆ ಬಿಗಿಯಾಗಿ ಮುಚ್ಚಿಕೊಂಡಿದ್ದವು. ಅಮ್ಮ ನೆಲಕ್ಕೆ ಕೂತು, "ಇಲ್ಲ ಅತ್ತಿಗೆ. ಅಳಿಸಲ್ಲ. ಇವಳು ಏನೋ ತಪ್ಪು ಕೇಳಿಸ್ಕೊಂಡಿದಾಳೆ" ಎಂದಳು. ನಾನು ಬಾಯಿ ತೆರೆದೆ. ಅಮ್ಮ ನೋಡಿದ ನೋಟಕ್ಕೆ ಮುಚ್ಚಿದೆ.

ಮಾರನೆಯ ದಿನದಿಂದ ಮತ್ತೆ ಅದೇ ಮಾತು, "ನಿನ್ನ ಬಾಯಿಗೆ ಹೆದ್ರಿ ನನ್ನ ತಮ್ಮ ಊರು ಬಿಟ್ಟ." ಮೊದಲಿಗಿಂತ ಹೆಚ್ಚಾಗಿ, ಮೊದಲಿಗಿಂತ ಗಟ್ಟಿಯಾಗಿ. ಅಮ್ಮ ತಲೆ ಬಗ್ಗಿಸಿಕೊಂಡು ಅನ್ನ ಬಡಿಸುತ್ತಿದ್ದಳು. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ಕುಂಕುಮ ಇಡುತ್ತಿದ್ದಳು. ನಮ್ಮ ಜನ ಇದನ್ನು ಪಾಪ ಅನ್ನುತ್ತಾರೆ. ಗಂಡ ಸತ್ತದ್ದು ತಿಳಿದೂ ಕುಂಕುಮ ಇಡುವುದು. "ಪಾಪ ನನಗೆ ಬರ್ಲಿ ಬಿಡು. ಆ ಮುದುಕಿಗೆ ಇನ್ನೇನಿದೆ?" ಅನ್ನುತ್ತಿದ್ದಳು. ನನಗೆ ಅತ್ತೆಯನ್ನು ನೋಡಿ ಅಯ್ಯೋ ಅನ್ನಿಸಲಿಲ್ಲ. ಸಿಟ್ಟೇ ಇತ್ತು, ಈಗಲೂ ಒಂದಿಷ್ಟು ಇದೆ.

ಅದರ ಮರುವರ್ಷ ಮಾರ್ಗಳಿ ತಿಂಗಳ ಚಳಿಯಲ್ಲಿ ಅತ್ತೆ ಹಾಸಿಗೆ ಹಿಡಿದಳು. ಮಗ್ಗುಲು ಹೊರಳಿಸಲೂ ಅಮ್ಮನೇ ಬೇಕು. ಬಾಗಿಲಲ್ಲಿ ಯಾರ ಸದ್ದಾದರೂ "ಬಂದ್ನಾ?" ಎಂದು ಕೇಳುತ್ತಿದ್ದಳು. "ಬತ್ತಾವ್ರೆ ಅತ್ತಿಗೆ, ಮದ್ರಾಸು ದೂರ ಅಲ್ವಾ" ಎಂದು ಅಮ್ಮ ಗಂಜಿ ಕುಡಿಸುತ್ತಿದ್ದಳು. ಹಾಗೆ ಕೇಳುತ್ತ ಕೇಳುತ್ತಲೇ ಅತ್ತೆ ಹೋದಳು.

ಅವಳ ವರ್ಷದ ತಿಥಿಗೆ ಕುಲದ ಹಿರಿಯರೊಬ್ಬರು ಬಂದು ಕೂತರು. ಅಮ್ಮ ಸ್ನಾನ ಮಾಡಿ ಒಳಗಿನಿಂದ ಬಂದಾಗ ಅವಳ ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಯಾರ ಕೈಯಲ್ಲೂ ತೆಗೆಸದೆ ತಾನೇ ತೆಗೆದಿದ್ದಳು. ಎಡೆಗೆ ಎರಡು ಬಾಳೆಯೆಲೆ ಹಾಕಿದಳು. ಇನ್ನೊಂದು ಯಾರಿಗೆ ಎಂದು ಹಿರಿಯರು ಕೇಳಿದರು.

"ಅವ್ರಿಗೆ" ಅಂದಳು. "ಅವ್ರ ದಿನ ಯಾರಿಗೂ ಗೊತ್ತಿಲ್ಲ, ಅಕ್ಕನ ದಿನವೇ ತಮ್ಮನಿಗೂ ಇರ್ಲಿ. ಅಕ್ಕನಿಗೋಸ್ಕರ ಇಷ್ಟು ದಿನ ಬದುಕಿದ್ರು. ಇನ್ನು ಸಾಕು."