ಹದಿಮೂರರ ಗೆರೆಯ ಮೇಲೆ ಖಡಕ್ ರೊಟ್ಟಿ

ಮೇ ತಿಂಗಳಿನಲ್ಲಿ ನನಗೆ ಕಂಬಳಿ ಕೊಟ್ಟರು. ಬೆಂಗಳೂರಿಗೆ ಬಂದ ಮೊದಲ ದಿನದ ಮಾತು. ಹಲಸೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿ, ಮೂರು ಮಹಡಿಯ ಮೇಲೆ ತಾರಸಿ, ತಾರಸಿಯ ಮೇಲೆ ಒಂಟಿ ಕೋಣೆ. ಟ್ರಂಕು ಹೊತ್ತು ಅಲ್ಲಿಗೆ ಏರುವಷ್ಟರಲ್ಲಿ ಆಕಾಶ ಕಪ್ಪಾಯಿತು, ಆಲಿಕಲ್ಲು ಬಿತ್ತು, ಅರ್ಧ ಗಂಟೆಯಲ್ಲಿ ಏನೂ ನಡೆಯದಂತೆ ಬಿಸಿಲೂ ಬಂತು. ಮನೆಯ ಒಡತಿ ಸೆಲ್ವಿಯಮ್ಮ ಮಡಿಸಿದ ಕಂಬಳಿಯೊಂದನ್ನು ತಂದು ಮಂಚದ ಮೇಲಿಟ್ಟರು.

“ಬ್ಯಾಸಗ್ಯಾಗ ಕಂಬಳಿ ಯಾಕ್ರಿ?” ಎಂದೆ.

“ಇಟ್ಕೋಮ್ಮಾ. ಬೆಳಗಿನ ಜಾವ ನೀನೇ ಹುಡುಕ್ತೀಯ.”

ಹುಡುಕಿದೆ. ಹೊದ್ದುಕೊಂಡು, ಇದು ಯಾವ ತಿಂಗಳು ಎಂದು ನನ್ನನ್ನೇ ಕೇಳಿಕೊಂಡೆ. ರಾಯಚೂರು ಸೀಮೆಯ ನಮ್ಮೂರಿನಲ್ಲಿ ಆ ಹೊತ್ತಿಗೆ ಜನ ನೆಲಕ್ಕೆ ನೀರು ಚೆಲ್ಲಿ ಅದರ ಮೇಲೆ ಮಲಗಿರುತ್ತಾರೆ. ಮಧ್ಯಾಹ್ನ ಬಾಗಿಲ ಚಿಲಕ ಮುಟ್ಟಿದರೆ ಕೈ ಸುಡುತ್ತದೆ. ಡಿಗ್ರಿಯ ಮೂರು ವರ್ಷವೂ ನಾನು ಕಿಟಕಿಗೆ ತೊಯ್ಸಿದ ಗೋಣಿಚೀಲ ಕಟ್ಟಿಕೊಂಡು ಪರೀಕ್ಷೆಗೆ ಓದಿದವಳು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ್ದು ನಾನೊಬ್ಬಳೇ. ಭೂಗೋಳದಲ್ಲಿ ಎಂ.ಎ., ಆಮೇಲೆ ಬಿ.ಎಡ್. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇಂದಿರಾನಗರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹಲಸೂರಿನಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ. ನಮ್ಮ ಕಡೆ ಮಾತಿಗೊಂದು ಭಾಷೆ ಸಾಕು. ಇಲ್ಲಿ ತರಕಾರಿಯವನು ಬೆಲೆಯನ್ನು ತಮಿಳಿನಲ್ಲಿ ಕೂಗಿ, ಚೌಕಾಸಿಯನ್ನು ಉರ್ದುವಿನಲ್ಲಿ ಮಾಡಿ, ಚಿಲ್ಲರೆಯನ್ನು ಕನ್ನಡದಲ್ಲಿ ಕೊಡುತ್ತಾನೆ. ನನ್ನ “ಹೌದ್ರಿ” ಕೇಳಿ ನಕ್ಕ ಮಕ್ಕಳು ದೀಪಾವಳಿಯ ಹೊತ್ತಿಗೆ ತಾವೂ “ಹೌದ್ರಿ ಮಿಸ್” ಎನ್ನತೊಡಗಿದರು. ಅದು ನನ್ನ ಮೊದಲ ಗೆಲುವು.

ಒಂದು ದಿನ ತರಗತಿಯಲ್ಲಿ ನಕ್ಷೆ ತೂಗುಹಾಕಿ, ಹದಿಮೂರು ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ ಉದ್ದ ಸ್ಕೇಲು ಇಟ್ಟೆ. ಒಂದು ತುದಿಗೆ ಮಂಗಳೂರು, ಇನ್ನೊಂದು ತುದಿಗೆ ಚೆನ್ನೈ, ನಡುವೆ ನಾವು.

“ಮಿಸ್, ಹಂಗಾದ್ರೆ ಮೂರೂ ಊರಲ್ಲೂ ಒಂದೇ ವೆದರ್ ಇರ್ಬೇಕಲ್ವಾ?” ಎಂದಳು ಹಿಂದಿನ ಬೆಂಚಿನ ಹುಡುಗಿ.

ಇರಬೇಕಿತ್ತು. ಮೂರಕ್ಕೂ ಸೂರ್ಯ ಒಂದೇ ಎತ್ತರದಲ್ಲಿ ನಿಲ್ಲುತ್ತಾನೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರು ಮೇಲೆ, ತಂಪಾಗಿ ಕುಳಿತಿದೆ. ಮಂಗಳೂರು ಘಟ್ಟದ ಬುಡದಲ್ಲಿ ನಿಂತು ಬರುವ ಮೋಡವನ್ನೆಲ್ಲ ತಲೆಯ ಮೇಲೆ ಸುರಿಸಿಕೊಳ್ಳುತ್ತದೆ. ಚೆನ್ನೈ ಬೆವರುತ್ತದೆ. ಪಾಠ ಅಷ್ಟೇ. ಆದರೆ ಆ ಸಂಜೆ ತಾರಸಿಯಲ್ಲಿ ಕುಳಿತಾಗ ಗೆರೆ ನನ್ನನ್ನು ಬಿಡಲಿಲ್ಲ. ಅದನ್ನು ಹಿಡಿದು ಪೂರ್ವಕ್ಕೆ ಹೊರಟರೆ ಚೆನ್ನೈ ದಾಟಿ, ಸಮುದ್ರ ದಾಟಿ, ಅಂಡಮಾನಿನ ತೊಯ್ದ ಕಾಡು. ಪಶ್ಚಿಮಕ್ಕೆ ಹೊರಟರೆ ಮಳೆಯೇ ಅಪರೂಪವಾದ ಏಡನ್, ಅದರಾಚೆ ಆಫ್ರಿಕಾದ ಧೂಳು. ಎಲ್ಲೋ ಒಬ್ಬಳು ಕೊಡೆ ಬಿಚ್ಚುತ್ತಿರಬೇಕು, ಎಲ್ಲೋ ಒಬ್ಬಳು ನೀರಿನ ಕೊಡ ಹೊತ್ತು ಬರುತ್ತಿರಬೇಕು, ನಾನಿಲ್ಲಿ ಹಲಸೂರು ಕೆರೆಯ ಮೇಲಿಂದ ಬರುವ ಗಾಳಿಗೆ ಸೆರಗು ಹೊದ್ದು ಕುಳಿತಿದ್ದೇನೆ. ಇಡೀ ಗೆರೆಯಲ್ಲಿ ಒಳ್ಳೆಯ ಜಾಗ ನನಗೇ ಸಿಕ್ಕಿತಲ್ಲ ಎನ್ನಿಸಿತು. ಆಗಲೇ ಅಕ್ಕನನ್ನು ಕರೆಸಿಕೊಳ್ಳಬೇಕೆಂದು ನಿಶ್ಚಯಿಸಿದೆ.

ಅಕ್ಕ ದೇವಮ್ಮ ನನಗಿಂತ ಹನ್ನೆರಡು ವರ್ಷಕ್ಕೆ ಹಿರಿಯಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಮೆಣಸಿನಕಾಯಿ ಹೊಲದಲ್ಲಿ ಕಳೆ ಕಿತ್ತಳು. ಗಂಡ ತೀರಿಕೊಂಡ ಮೇಲೆ ಖಾನಾವಳಿಗಳಿಗೆ ಖಡಕ್ ರೊಟ್ಟಿ ಮಾಡಿಕೊಟ್ಟು ನನ್ನನ್ನು ಓದಿಸಿದಳು. ಅವಳ ಬೆನ್ನಿಗೆ ಬಿದ್ದ ಬಿಸಿಲೇ ನನ್ನ ಡಿಗ್ರಿ. ಇನ್ನಾದರೂ ಅವಳು ನೆರಳಿನಲ್ಲಿ ಇರಲಿ ಎಂಬುದು ನನ್ನ ಆಸೆ.

ಸಂಕ್ರಾಂತಿ ಕಳೆದು ಬಂದಳು. ವಾರ ಸುಮ್ಮನಿದ್ದಳು. ಎಂಟನೇ ದಿನ, “ಕುಂತು ಉಣ್ಣಾಕ ನನಗ ಬರಂಗಿಲ್ಲ ಸಾವಿ. ಜ್ವಾಳದ ಹಿಟ್ಟು ಎಲ್ಲಿ ಸಿಗತೈತಿ ತೋರ್ಸು,” ಎಂದಳು.

ಕೆ.ಆರ್. ಪುರಕ್ಕೆ ಕರೆದೊಯ್ದೆ. ನಮ್ಮ ಕಡೆಯ ಜನ ಅಲ್ಲಿ ಬಹಳ. ಜೋಳ ಬೀಸುವ ಗಿರಣಿಯೂ ಇದೆ. ಬಸ್ಸು ಇಳಿದಾಗ ನನ್ನ ಮೇಷ್ಟರಿಕೆ ಸುಮ್ಮನಿರಲಿಲ್ಲ.

“ಅಕ್ಕ, ನಾ ಹೇಳಿದ್ನಲ್ಲ ಹದಿಮೂರರ ಗೆರಿ, ಅದು ಇಲ್ಲೇ ಹಾದು ಹೋಗತೈತಿ.”

ಅಕ್ಕ ಕಾಲ ಕೆಳಗೆ ನೋಡಿದಳು. “ಎಲ್ಲೈತಿ? ಬರೇ ಲಾರಿ ಕಾಣ್ತಾವಲ್ಲ.”

ತಾರಸಿಯ ಮೂಲೆಯಲ್ಲಿ ಒಲೆ ಹೂಡಿದಳು. ಖಡಕ್ ರೊಟ್ಟಿಯ ಕೆಲಸ ಬೇಯಿಸಿದಲ್ಲಿಗೆ ಮುಗಿಯುವುದಿಲ್ಲ. ಬೆಂದದ್ದನ್ನು ಒಲೆಯ ಸುತ್ತ ಒರಗಿಸಿ, ಆಮೇಲೆ ಬಿಸಿಲಿಗೆ ಹರವಿ, ತಿಂಗಳಿಟ್ಟರೂ ಕೆಡದ ಹಾಗೆ ಒಣಗಿಸಬೇಕು. ಬೆರಳಿನಿಂದ ತಟ್ಟಿದರೆ ಅದು ಸದ್ದು ಮಾಡಬೇಕು. ಫೆಬ್ರವರಿ, ಮಾರ್ಚಿನ ಒಣಗಾಳಿಯಲ್ಲಿ ಸದ್ದು ಬಂತು. ಇಂದಿರಾನಗರದ ಪೀಜಿಗಳಲ್ಲಿ, ಅಂದರೆ ದುಡಿಯುವ ಹುಡುಗ ಹುಡುಗಿಯರು ಊಟ ಸಹಿತ ಬಾಡಿಗೆಗಿರುವ ಮನೆಗಳಲ್ಲಿ, ವಿಜಯಪುರ ಕಲಬುರಗಿಯ ಮಕ್ಕಳು ಅಕ್ಕನ ರೊಟ್ಟಿಗೆ ಕಾದು ಕೂರತೊಡಗಿದರು. ಸೆಲ್ವಿಯಮ್ಮ ಮಾತ್ರ ಒಂದು ತುಂಡು ಬಾಯಿಗಿಟ್ಟು, “ಇದು ತಿನ್ನೋದಾ, ಮನೆಗೆ ಹೆಂಚು ಹಾಕೋದಾ ದೇವಮ್ಮ?” ಎಂದರು.

“ನಿಮ್ಮ ಇಡ್ಲಿ ಹಲ್ಲಿಲ್ಲದೋರ ಊಟ ಬಿಡ್ರಿ,” ಎಂದಳು ಅಕ್ಕ. ಇಬ್ಬರಿಗೂ ಅಂದಿನಿಂದ ಸಲಿಗೆ.

ಏಪ್ರಿಲ್ ಕೊನೆಗೆ ಸಂಜೆ ಮಳೆ ಶುರುವಾಯಿತು. ಊರೆಲ್ಲ ಆಹಾ ಎಂದಿತು. ಅಕ್ಕನ ರೊಟ್ಟಿ ಮೆತ್ತಗಾಯಿತು. ಪೀಜಿಯ ವಿಜಯಪುರದ ಹುಡುಗಿಯೊಬ್ಬಳು ನಾಚುತ್ತಲೇ, “ಅಕ್ಕಾರ, ಈ ಸಲದ್ದು ಮುರಿಯಾಕ ಹೋದ್ರ ಮಡಚಾಕತ್ತೈತ್ರಿ,” ಎಂದಳು.

ಇಲ್ಲಿ ನಾನು ತಪ್ಪು ಮಾಡಿದೆ. ಗಾಳಿಯಾಡದಿದ್ದರೆ ತೇವ ಒಳಗೆ ಬರುವುದಿಲ್ಲ, ಇದು ಶಾಸ್ತ್ರ ಎಂದು ಹೇಳಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಂದು ಅದರಲ್ಲಿ ತುಂಬಿಸಿದೆ. ಅರ್ಧ ಒಣಗಿದ ರೊಟ್ಟಿಯೊಳಗೇ ತೇವ ಇತ್ತು, ಅದು ಹೊರಗೆ ಹೋಗಲೂ ದಾರಿಯಿಲ್ಲ. ಮೂರನೇ ದಿನ ಮುಚ್ಚಳ ತೆಗೆದರೆ ಹಸಿರು ಬೂಷ್ಟು. ಅಕ್ಕ ಒಂದು ರೊಟ್ಟಿ ಎತ್ತಿ ಮೂಸಿ ನೋಡಿದಳು.

“ನಿನ್ನ ಪುಸ್ತಕದಾಗ ರೊಟ್ಟಿ ಪಾಠ ಇರಲಿಲ್ಲೇನು?”

ಬೈದಿದ್ದರೆ ವಾಸಿಯಿತ್ತು. ಮೊಣಕಾಲು ಹಿಡಿದುಕೊಂಡು ತಾರಸಿಯಲ್ಲಿ ಬಿಸಿಲಿನ ತುಣುಕು ಸರಿದಂತೆಲ್ಲ ತಾನೂ ಸರಿಯುತ್ತ ಕೂರುವ ಅಕ್ಕನನ್ನು ಆಗ ಮೊದಲ ಸಲ ಸರಿಯಾಗಿ ಗಮನಿಸಿದೆ. ಎಲ್ಲರೂ ಹೊಗಳುವ ಹವೆಯಲ್ಲಿ ಅವಳ ಕೀಲುಗಳು ನೋಯುತ್ತಿದ್ದವು. ಕೆಲಸವೂ ಹೋದರೆ ಅವಳು ಇಲ್ಲಿ ಉಳಿಯುವುದಿಲ್ಲ ಎಂಬುದು ನನಗೆ ತಿಳಿದಿತ್ತು.

ಅದೇ ಹೊತ್ತಿಗೆ ನಮ್ಮ ಶಾಲೆಯವರು, ಚೆನ್ನೈಯ ತಮ್ಮ ಇನ್ನೊಂದು ಶಾಲೆಗೆ ಹೋಗುತ್ತೀರಾ ಎಂದು ಕೇಳಿದರು. ನನಗೆ ಕನಸಿನಂತೆ ಕಂಡಿತು: ಅದೇ ಗೆರೆಯ ಮೇಲೆ ಸ್ವಲ್ಪ ಪೂರ್ವಕ್ಕೆ ಜಾರಿದರೆ ಸಾಕು, ಬೇಕಾದಷ್ಟು ಬಿಸಿಲು. ರಜೆಯಲ್ಲಿ ನೋಡಿ ಬರಲು ಹೊರಟೆವು. “ಇವಾಗ ಅಲ್ಲಿ ಕತ್ತಿರಿ ನಡೀತಿದೆ, ಹುಷಾರು,” ಎಂದು ಸೆಲ್ವಿಯಮ್ಮ ತಮ್ಮ ತಂಗಿಯ ಮನೆಯ ವಿಳಾಸ ಕೊಟ್ಟರು. ಕತ್ತಿರಿ ಎಂದರೆ ಅಲ್ಲಿನ ಜನ ಕಡುಬೇಸಿಗೆಯ ದಿನಗಳಿಗೆ ಇಟ್ಟ ಹೆಸರು.

ರೈಲಿನಿಂದ ಇಳಿದ ಕೂಡಲೇ ಅಕ್ಕ ಮುಖ ಮೇಲೆತ್ತಿ ಕಣ್ಣು ಮುಚ್ಚಿದಳು. “ಹಾಂ. ಇದು ಬಿಸಲು ನೋಡು.” ನಾನು ಗೆದ್ದೆ ಎಂದುಕೊಂಡೆ. ಆ ಮಧ್ಯಾಹ್ನವೇ ಸೆಲ್ವಿಯಮ್ಮನ ತಂಗಿಯ ಮಾಳಿಗೆಯ ಮೇಲೆ ಹತ್ತು ರೊಟ್ಟಿ ಹರವಿದಳು. ಸಂಜೆ ಸಮುದ್ರದ ಕಡೆಯಿಂದ ಗಾಳಿ ಬೀಸಿತು. ಬೆಳಿಗ್ಗೆ ಅಕ್ಕ ಒಂದು ರೊಟ್ಟಿಯನ್ನು ಎತ್ತಿ, ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟಳು.

“ಬಿಸಲು ಐತಿ, ಆದ್ರ ಒದ್ದಿ ಬಿಸಲು. ಇನ್ನೊಂದು ತುದಿ ಯಾವುದಂದಿ?”

“ಮಂಗಳೂರು. ಅಲ್ಲಿ ಜೂನಿಗೆ ಮಳಿ ಹಿಡೀತಂದ್ರ ಬಿಡಂಗಿಲ್ಲ.”

“ಅಲ್ಲಿ ಹಿಟ್ಟಽ ಹರದು ಹೋಗ್ತೈತಿ ತಗೋ.” ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿದಳು. “ನಿನ್ನ ಗೆರಿ ಮ್ಯಾಲ ನನಗ ಜಾಗ ಇಲ್ಲ ಸಾವಿ.”

“ನಾ ದುಡೀತೀನಲ್ಲ, ನೀ ಸುಮ್ನ ಇರು.”

“ಸುಮ್ನ ಇರೂದು ಕಲಿಯಾಕ ನಾ ಸಾಲಿಗಿ ಹೋಗಿಲ್ಲ.”

ಚೆನ್ನೈಯ ಕೆಲಸ ಬೇಡವೆಂದು ಶಾಲೆಗೆ ತಿಳಿಸಿದೆ. ಮೇ ಮುಗಿಯುವ ಮೊದಲು ಅವಳನ್ನು ಊರಿಗೆ ಬಿಟ್ಟುಬರಲು ಹೋದೆ. ಹದಿಮೂರರಿಂದ ಮೂರು ಡಿಗ್ರಿ ಉತ್ತರಕ್ಕೆ. ಜನ ನಡು ಮಧ್ಯಾಹ್ನ ಬೀದಿಗೆ ಬಾರದ ಕಾಲ. ಅಕ್ಕ ಸೀರೆ ಎತ್ತಿ ಕಟ್ಟಿ ಮಾಳಿಗೆ ಹತ್ತಿದಳು. ಒಂದೇ ಮಧ್ಯಾಹ್ನಕ್ಕೆ ರೊಟ್ಟಿ ಹಪ್ಪಳದಂತೆ ಒಣಗಿತು. ಐದು ತಿಂಗಳು ನಾನು ಕಾಣದ ಕಳೆ ಅವಳ ಮುಖದ ಮೇಲಿತ್ತು, ಮೊಣಕಾಲಿನ ಮಾತೇ ಇಲ್ಲ. ನಾನೋ, ಎರಡನೇ ದಿನ ವಾಂತಿ ಮಾಡಿಕೊಂಡು ಮಲಗಿದೆ. ಈ ಬಿಸಿಲಿನಲ್ಲಿ ಹುಟ್ಟಿ ಬೆಳೆದ ಮೈ ಅದನ್ನು ಗುರುತೇ ಹಿಡಿಯಲಿಲ್ಲ. ಅಕ್ಕ ತಣ್ಣೀರ ಬಟ್ಟೆ ಹಾಕಿ, ಮನೆಯಲ್ಲಿದ್ದ ಒಂದೇ ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದಳು, ಬೀಗರಿಗೆ ತಿರುಗಿಸುವ ಹಾಗೆ. ಪಕ್ಕದ ಮನೆಯ ಕಾಶವ್ವ ಬಾಗಿಲಲ್ಲಿ ನಿಂತು, “ಯಾವಾಗ ಬಂದ್ರಿ ಟೀಚರಾ?” ಎಂದಳು. ಚಿಕ್ಕಂದಿನಲ್ಲಿ ನನ್ನ ಜಡೆ ಎಳೆದು ‘ಲೇ’ ಎನ್ನುತ್ತಿದ್ದವಳು.

ಹೊರಡುವಾಗ ಅಕ್ಕ ಕಣ್ಣೀರು ಹಾಕಲಿಲ್ಲ, ಕೆಲಸ ಹಚ್ಚಿದಳು. “ವಾರಕ್ಕೊಮ್ಮೆ ರೊಟ್ಟಿ ಗಂಟು ಬಸ್ಸಿಗೆ ಹಾಕ್ತೀನಿ. ಪೀಜಿಗೆ ಮುಟ್ಟಸೂದು ನಿಂದು. ಎಂ.ಎ. ಮಾಡೀನಂತ ನಾಚಬ್ಯಾಡ.”

“ನೀ ಯಾವಾಗ ಬರ್ತಿ?”

“ನೀ ಕರದಾಗಲ್ಲ. ಅಲ್ಲಿ ಗಾಳಿ ಒಣಗಿದಾಗ.”

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಇಳಿದೆ. ಹಿಂದಿನ ದಿನ ಮಳೆಯಾಗಿತ್ತು. ಪ್ಲಾಟ್‌ಫಾರ್ಮಿನ ಕಲ್ಲು ಒದ್ದೆ, ಮರದ ಕೆಳಗೆ ಹೂವುಗಳು ಉದುರಿ ಅಂಟಿಕೊಂಡಿದ್ದವು. ತಂಗಾಳಿ ತೋಳಿಗೆ ತಾಗಿತು. ಮನಸ್ಸು ಇನ್ನೂ ಊರಿನ ಮಾಳಿಗೆಯ ಮೇಲೆ ಅಕ್ಕನ ಪಕ್ಕದಲ್ಲಿತ್ತು. ಮೈ ಮಾತ್ರ ನನ್ನನ್ನು ಕೇಳದೆಯೇ ಹಗುರಾಗಿ, ಮನೆಗೆ ಬಂದಂತೆ ಉಸಿರು ಬಿಟ್ಟಿತು. ಅದಕ್ಕೆ ಅಷ್ಟು ಸಂತೋಷವಾದದ್ದು ನೋಡಿ ನನಗೆ ನಾಚಿಕೆಯಾಯಿತು. ಫೋನು ಬಂತು.

“ಮುಟ್ಟಿದೇನು?”

“ಮುಟ್ಟೀನಕ್ಕ.”

“ಹೆಂಗೈತಿ ಅಲ್ಲಿ?”

“ಕೆಟ್ಟ ಥಂಡಿ,” ಎಂದೆ. “ಮೈ ನಡಗಾಕತ್ತೈತಿ.”

“ಪಾಪ ನನ್ನ ತಂಗಿ. ಒಂದು ಗಳಿಗಿ ಬಿಸಲಾಗ ನಿಂದ್ರು, ಹೋಗು.”

ಹೂಂ ಎಂದೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಎಳೆಬಿಸಿಲು ಬಿದ್ದಿತ್ತು. ನಾನು ನೆರಳಿನಲ್ಲೇ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೆ.