ಸಿಪಾಯಿಯ ಬಲಭುಜ

2023ರಲ್ಲಿ ನಾನು ಬರ್ಮಿಂಗ್‌ಹ್ಯಾಮ್‌ನ ಒಂದು ಚಿತ್ರಶಾಲೆಯಲ್ಲಿ ಟೆಕ್ನಿಷಿಯನ್ ಆಗಿದ್ದೆ. ಚಿತ್ರಗಳನ್ನು ಗೋಡೆಗೆ ಏರಿಸುವುದು, ಇಳಿಸುವುದು, ಪೆಟ್ಟಿಗೆಯಲ್ಲಿಟ್ಟು ಕಳಿಸುವುದು ನನ್ನ ಕೆಲಸ. ಅವುಗಳ ಆರೋಗ್ಯ ನೋಡಿಕೊಳ್ಳುವ ಕನ್ಸರ್ವೇಟರ್ ನನ್ನ ಹೆಂಡತಿ ವಿಜಯಾ.

ಆ ವರ್ಷ ಹತ್ತೊಂಬತ್ತನೆಯ ಶತಮಾನದ ಒಂದು ತೈಲಚಿತ್ರವನ್ನು ಲೀಡ್ಸ್‌ನ ಪ್ರದರ್ಶನಕ್ಕೆ ಆರು ತಿಂಗಳು ಎರವಲು ಕೊಡುವುದಿತ್ತು. ಚಿತ್ರದಲ್ಲಿದ್ದವನು ಬಾಷಿ-ಬಜೂಕ್, ಅಂದರೆ ತುರ್ಕಿ ಸುಲ್ತಾನರ ಸೈನ್ಯದ ಜೊತೆ ಹೋಗುತ್ತಿದ್ದ, ಸಮವಸ್ತ್ರವಾಗಲಿ ಸಂಬಳವಾಗಲಿ ಇಲ್ಲದ ಸಿಪಾಯಿ. ಪಟ್ಟೆಪಟ್ಟೆ ರುಮಾಲು, ಹಳದಿ ರೇಷ್ಮೆ ಅಂಗಿ, ಸೊಂಟದಲ್ಲಿ ಎರಡು ಪಿಸ್ತೂಲು. ಅವನ ಹೆಸರು ಯಾರಿಗೂ ಗೊತ್ತಿಲ್ಲ. ವಿಜಯಾ ಅವನನ್ನು ಮಾಮ ಎನ್ನುತ್ತಿದ್ದಳು.

ಚಿತ್ರ ಹೊರಡುವ ಮೊದಲು ಕಂಡಿಷನ್ ರಿಪೋರ್ಟ್ ಬರೆಯಬೇಕು. ಎಲ್ಲಿ ಬಿರುಕಿದೆ, ಎಷ್ಟು ಉದ್ದವಿದೆ ಎಂಬ ವಿವರ ಅದರಲ್ಲಿರುತ್ತದೆ. ವಾಪಸು ಬಂದಾಗ ಹೊಸ ಗಾಯ ಯಾವುದೆಂದು ತಿಳಿಯುವುದು ಅದರಿಂದಲೇ. ಕೆಲವು ಬಿರುಕುಗಳು ಪಕ್ಕದಿಂದ ಟಾರ್ಚ್ ಬಿಟ್ಟರೆ ಮಾತ್ರ ಕಾಣುತ್ತವೆ, ಫೋಟೋದಲ್ಲಿ ಬರುವುದಿಲ್ಲ.

"ರೀ, ಟಾರ್ಚು ಸ್ವಲ್ಪ ಕೆಳಗೆ. ಮಾಮನ ಬಲಭುಜದಲ್ಲಿ ಒಂದಿದೆ ನೋಡಿ."

"ಎಡ ಅಲ್ವೇನೆ ಅದು?"

"ನಿಮ್ಮ ಎಡ ಕಟ್ಕೊಂಡು ಅವನಿಗೇನ್ರೀ? ಭುಜ ಅವನದ್ದು."

ಅವಳ ತಂದೆ ದೇವಸ್ಥಾನದಲ್ಲಿ ಅಲಂಕಾರ ಮಾಡುತ್ತಿದ್ದವರು. ದೇವರ ಬಲಗೈ ಎಂದರೆ ಎದುರು ನಿಂತ ನಮಗೆ ಎಡಗಡೆ. ಆ ಅಭ್ಯಾಸವೇ ಅವಳಿಗೂ ಬಂದಿತ್ತು. ಬಲಭುಜ, ಹಳೆಯ ಬಿರುಕು, 22 ಮಿಲಿಮೀಟರ್ ಎಂದು ಬರೆದು ಸಹಿ ಹಾಕಿದಳು.

ಚಿತ್ರ ಲೀಡ್ಸ್‌ನಲ್ಲಿದ್ದಾಗಲೇ ಅವಳು ತೀರಿಕೊಂಡಳು. ಕಾಯಿಲೆ ಪತ್ತೆಯಾದ ಮೇಲೆ ಒಂಬತ್ತೇ ವಾರ ಇದ್ದಳು.

ರಜೆ ಮುಗಿಸಿ ನಾನು ಮರಳಿದಾಗ ಚಿತ್ರ ವಾಪಸು ಬಂದಿತ್ತು. ಫೈಲಿನಲ್ಲಿ ಹೊಸ ಟಿಪ್ಪಣಿಯೊಂದಿತ್ತು: ಎಡಭುಜದಲ್ಲಿ ಬಿರುಕಿದೆ, ರಿಪೋರ್ಟಿನಲ್ಲಿ ಅದಿಲ್ಲ; ಬಲಭುಜದಲ್ಲಿ ಇಲ್ಲದ ಬಿರುಕನ್ನು ಬರೆಯಲಾಗಿದೆ; ಕನ್ಸರ್ವೇಟರ್ ಅಸ್ವಸ್ಥರಾಗಿದ್ದರಿಂದ ಈ ತಪ್ಪಾಗಿದೆ.

ಬರೆದವರು ನಮ್ಮ ಮ್ಯಾನೇಜರ್ ಹೆಲೆನ್. ಕೇಳಿದಾಗ ಮೆಲ್ಲಗೆ ಹೇಳಿದರು: "ಈ ಬಿರುಕು ನಿಮ್ಮಲ್ಲೇ ಆಗಿದ್ದು ಅಂತ ಲೀಡ್ಸ್‌ನವರ ಜೊತೆ ಜಗಳ ಯಾಕೆ ಅಂತ ಹಾಗೆ ಬರೆದೆ. ಯಾರೂ ಅವಳನ್ನು ದೂರುತ್ತಿಲ್ಲ. ಪಾಪ, ಹುಷಾರಿರಲಿಲ್ಲವಲ್ಲ."

ನನಗೆ ಮೈ ಉರಿದುಹೋಯಿತು. ರಿಪೋರ್ಟ್ ಬರೆದ ದಿನ ಅವಳಿಗೆ ನೆಗಡಿ ಕೂಡ ಇರಲಿಲ್ಲ. ಇಪ್ಪತ್ತೊಂದು ವರ್ಷ ಭೂತಕನ್ನಡಿ ಹಿಡಿದು ಕಣ್ಣು ಸವೆಸಿದವಳು ಇಲ್ಲದ್ದನ್ನು ಕಂಡಳೆಂದು ಬರೆಯಲು ಇವರಿಗೆ ಎರಡು ಸಾಲು ಸಾಕಾಯಿತು. ಬದುಕಿದ್ದರೆ ಒಂದು ಫೋನ್ ಮಾಡಿ ಕೇಳುತ್ತಿದ್ದರು. ಸತ್ತವಳಾದ್ದರಿಂದ ಕನಿಕರ ತೋರಿಸಿ ತಪ್ಪು ಹೊರಿಸಿದರು.

ಹೆಲೆನ್‌ರನ್ನು ಚಿತ್ರವಿದ್ದ ಸ್ಟೋರ್ ರೂಮಿಗೆ ಕರೆದುಕೊಂಡು ಹೋದೆ. ಟಾರ್ಚ್ ಹಿಡಿದು ಬಿರುಕಿನ ಪಕ್ಕ ಸ್ಕೇಲ್ ಇಟ್ಟೆ. 22 ಮಿಲಿಮೀಟರ್. "ಇದು ಯಾರ ಬಲಭುಜ, ನೀವೇ ಹೇಳಿ."

ಅವರು ಬಗ್ಗಿ ಸ್ಕೇಲ್ ನೋಡಿದರು. "ನೋಡುವವರ ಎಡಬಲ ಬರೆಯುವುದು ನಮ್ಮ ರೂಢಿ."

"ಫಾರ್ಮಿನಲ್ಲಿ ಎಲ್ಲಿದೆ?"

ಎಲ್ಲಿಯೂ ಇರಲಿಲ್ಲ. ವಿಜಯಾಳ ಹಳೆಯ ರಿಪೋರ್ಟುಗಳನ್ನು ತೆಗೆದು ತೋರಿಸಿದೆ. ಭಾವಚಿತ್ರ ಯಾವುದೇ ಇರಲಿ, ಬಲವೆಂದರೆ ಚಿತ್ರದಲ್ಲಿರುವವರ ಬಲವೇ. ಒಂದರಲ್ಲೂ ತಪ್ಪಿರಲಿಲ್ಲ.

"ಸರಿ, ಟಿಪ್ಪಣಿ ತೆಗೆದುಬಿಡುತ್ತೇನೆ," ಎಂದರು ಹೆಲೆನ್. "ಒಳಗಿನ ಫೈಲು, ಯಾರು ಓದುತ್ತಾರೆ?"

"ತೆಗೆಯಬೇಡಿ. ತಪ್ಪಾಗಿ ಓದಿದ್ದು ಯಾರು ಅಂತ ಅದರ ಕೆಳಗೇ ಬರೆಯಿರಿ."

ಅವರ ಮುಖ ಕೆಂಪಾಯಿತು. ಆದರೂ ಬರೆದು ಸಹಿ ಹಾಕಿದರು. ನಾನು ಕ್ಷಮೆ ಕೇಳಲಿಲ್ಲ, ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಒಬ್ಬರು ಬರೆದಿಟ್ಟದ್ದು ತಪ್ಪೆಂದು ಹೇಳುವ ಮೊದಲು ಅವರು ಎಲ್ಲಿ ನಿಂತು ನೋಡಿದರೆಂದು ವಿಚಾರಿಸಬೇಕು. ಉತ್ತರ ಕೊಡಲು ಅವರು ಇಲ್ಲದಿದ್ದರೆ ಎರಡು ಸಲ ವಿಚಾರಿಸಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ನಾನು ನಿವೃತ್ತನಾಗುವ ಹೊತ್ತಿಗೆ ಫಾರ್ಮಿನಲ್ಲಿ ಹೊಸ ಸಾಲೊಂದು ಅಚ್ಚಾಗಿತ್ತು: ಎಡ, ಬಲ ಯಾರದೆಂದು ಸ್ಪಷ್ಟವಾಗಿ ಬರೆಯಿರಿ. ಅದು ಯಾರಿಂದ ಬಂತೆಂದು ಅಲ್ಲಿ ಹೇಳಿಲ್ಲ. ವಿಜಯಾಳಿಂದ ಬಂತು.